ನೀರು ತುಂಬಿದರೆ ಹೊಟ್ಟೆ ಬರುವ ಹಳೇ ಅಕ್ವೇರಿಯಂ: ಸರಿ ಮಾಡಿದವರು ಯಾರಾದರೂ ಇದ್ದೀರಾ?

ಕುಲಶೇಖರದಿಂದ:
ದೇರೆಬೈಲಿನಲ್ಲಿ ಫ್ಲ್ಯಾಟ್ ಖಾಲಿ ಮಾಡುತ್ತಿದ್ದವರಿಂದ ಒಂದು ಹಳೇ ಟ್ಯಾಂಕ್ ತಗೊಂಡೆ. ಐದು ಅಡಿ ಉದ್ದ, ಎರಡು ಅಡಿ ಅಗಲ, ಎರಡು ಅಡಿ ಎತ್ತರ. 10 ಮಿಲಿಮೀಟರ್ ಗಾಜು. ಅಂಗಳದಲ್ಲಿ ಇಟ್ಟು ಬಾಯಿವರೆಗೆ ನೀರು ತುಂಬಿಸಿದೆ. ಒಂದು ತೊಟ್ಟೂ ಸೋರಲಿಲ್ಲ. ಆದರೆ ಎದುರಿನ ಗಾಜು ನಡುವಲ್ಲಿ ಉಬ್ಬಿದೆ. ಟೇಪ್ ಹಿಡಿದರೆ ಮೇಲಂಚಿನ ನಡುವಲ್ಲಿ ಮೂಲೆಗಿಂತ ಒಂದು ಸೆಂಟಿಮೀಟರ್ ಜಾಸ್ತಿ ಅಗಲ ತೋರಿಸುತ್ತದೆ. ಹೊರಗಿನಿಂದ ಕಬ್ಬಿಣದ ಬೆಲ್ಟ್ ಹಾಕಿಸಿದರೆ ಆದೀತಾ? ಇದು ಮನೆಯೊಳಗೆ ಬಂದರೆ ನಾನು ಹೊರಗೆ ಅಂತ ಹೆಂಡತಿ ಹೇಳಿ ಆಗಿದೆ.

ಸುರತ್ಕಲ್‌ನಿಂದ:
ಮೊದಲು ನೀರು ಅರ್ಧಕ್ಕೆ ಇಳಿಸಿ ಮಾರಾಯ್ರೆ, ಮತ್ತೆ ಓದಿ.

ನನ್ನದೂ ಇದೇ ಅಳತೆಯ ಟ್ಯಾಂಕ್, ಇದೇ ಕಥೆ. ಒಂದು ಸೆಂಟಿಮೀಟರ್ ಅಂದರೆ ಎದುರು ಐದು, ಹಿಂದೆ ಐದು ಮಿಲಿಮೀಟರ್ ಬಾಗಿದೆ ಅಂತ ಲೆಕ್ಕ. ಗಾಜು ಸ್ವಲ್ಪ ಬಾಗುತ್ತದೆ, ಅದು ಸಹಜ. ಆದರೆ ಇದು ಸ್ವಲ್ಪ ಅಲ್ಲ. ಬಾಗಿದಾಗ ಮೂಲೆಯಲ್ಲಿ ಗಾಜು ಜೋಡಿಸಿದ ಸಿಲಿಕಾನ್ ಅಂಟು ಮೇಲಿನಿಂದ ಕೆಳಗೆ ಒಂದೊಂದೇ ನೂಲು ಎಬ್ಬಿಸಿದ ಹಾಗೆ ಏಳುತ್ತಾ ಬರುತ್ತದೆ. ಇವತ್ತು ಸೋರಲಿಲ್ಲ ಅಂತ ನಂಬಿ ಕೂರಬೇಡಿ.

ಒಂದು ಕೆಲಸ ಮಾಡಿ. ಒಳಗಡೆ ಮೇಲಂಚಿನ ಕೆಳಗೆ ಬೆರಳು ಆಡಿಸಿ ನೋಡಿ. ಹಳೇ ಸಿಲಿಕಾನಿನ ಗೆರೆ ಸಿಗುತ್ತದಾ? ಸಿಕ್ಕಿದರೆ ಅಲ್ಲಿ ಮೊದಲು ಮೇಲಂಚು ಬಾಗದ ಹಾಗೆ ಹಿಡಿದಿಡುವ ಗಾಜಿನ ಪಟ್ಟಿ ಇತ್ತು ಅಂತ ಅರ್ಥ. ನನ್ನದರಲ್ಲಿ ಇತ್ತು. ಕೊಟ್ಟವರು ದೊಡ್ಡ ಕಲ್ಲು ಇಳಿಸಲಿಕ್ಕೆ ಅಡ್ಡ ಆಗುತ್ತದೆ ಅಂತ ನಡುವಿನ ಪಟ್ಟಿ ಕಿತ್ತು ಬಿಸಾಡಿದ್ದರು. ಮಾರುವಾಗ ಆ ವಿಷಯ ಬಾಯಿ ಬಿಡಲಿಲ್ಲ!

ನೀರಿನ ಒತ್ತಡ ಬರುವುದು ಎತ್ತರದಿಂದ, ಟ್ಯಾಂಕಿನ ಅಗಲದಿಂದ ಅಲ್ಲ. ತಾರಸಿಯ ಟ್ಯಾಂಕ್ ಎತ್ತರ ಇದ್ದಷ್ಟು ಕೆಳಗಿನ ನಳ್ಳಿಯಲ್ಲಿ ಬಲ ಜಾಸ್ತಿ, ಅಲ್ವಾ? ಹಾಗೆ. ನಿಮ್ಮ ಅಳತೆಯಲ್ಲಿ ಬಾಯಿವರೆಗೆ ತುಂಬಿದರೆ ಎದುರಿನ ಗಾಜೊಂದರ ಮೇಲೇ ಸುಮಾರು 280 ಕಿಲೋ ತಳ್ಳು ಬೀಳುತ್ತದೆ. ಅದರಲ್ಲಿ ಹೆಚ್ಚಿನದು ಕೆಳಗಡೆ. ಕೆಳಗೆ ತಳದ ಗಾಜು ಹಿಡಿದುಕೊಂಡಿದೆ, ಮೇಲೆ ಹಿಡಿಯುವವರು ಯಾರೂ ಇಲ್ಲ, ಅದಕ್ಕೇ ಹೊಟ್ಟೆ ಮೇಲೆ ಬರುವುದು.

ನಾನು ಮಾಡಿದ್ದು ಹೀಗೆ. ಗಾಜಿನ ಅಂಗಡಿಯಲ್ಲಿ 10 ಮಿಲಿಮೀಟರಿನದೇ ಎರಡು ಉದ್ದ ಪಟ್ಟಿ ಕತ್ತರಿಸಿದೆ, ಮೂರು ಇಂಚು ಅಗಲ. ನಡುವೆ ಅಡ್ಡಕ್ಕೆ ಹತ್ತು ಇಂಚು ಅಗಲದ ಒಂದು ತುಂಡು. ಅಂಚು ಉಜ್ಜಿಸಿ ತನ್ನಿ, ಇಲ್ಲದಿದ್ದರೆ ಮೀನಿಗೆ ಊಟ ಹಾಕುವಾಗೆಲ್ಲ ಕೈ ಕೊಯ್ಯುತ್ತದೆ. ಟ್ಯಾಂಕ್ ಪೂರ್ತಿ ಖಾಲಿ ಮಾಡಿ ಒಣಗಿಸಬೇಕು, ಗಾಜು ನೇರ ಆದ ಮೇಲೆಯೇ ಅಂಟಿಸುವುದು. ಉದ್ದ ಪಟ್ಟಿಗಳನ್ನು ಎದುರು ಮತ್ತು ಹಿಂದಿನ ಗಾಜಿನ ಒಳಮೈಗೆ, ಮೇಲಂಚಿನಿಂದ ಒಂದು ಇಂಚು ಕೆಳಗೆ, ಶೆಲ್ಫ್ ಕೂರಿಸಿದ ಹಾಗೆ ಅಂಟಿಸಿದೆ. ಒಣಗುವವರೆಗೆ ಜಾರಬಾರದಲ್ಲ, ಅದಕ್ಕೆ ಪಿವಿಸಿ ಪೈಪನ್ನು ಸರಿಯಾದ ಎತ್ತರಕ್ಕೆ ತುಂಡು ಮಾಡಿ ಕೆಳಗೆ ಊರುಗೋಲು ಕೊಟ್ಟೆ. ಅಡ್ಡ ತುಂಡು ಆ ಎರಡು ಪಟ್ಟಿಗಳ ಮೇಲೆ ಮಲಗಬೇಕು. ಇದು ಮುಖ್ಯ. ಅಡ್ಡ ತುಂಡಿನ ತುದಿಯನ್ನು ಬರೀ ಗಾಜಿಗೆ ತಾಗಿಸಿ ಅಂಟಿಸಿದರೆ ಎಳೆತ ಎಲ್ಲ ಆ 10 ಮಿಲಿಮೀಟರ್ ಗೆರೆಗೆ ಬೀಳುತ್ತದೆ. ಒಂದರ ಮೇಲೊಂದು ಮೂರು ಇಂಚು ಕೂತರೆ ಅಂಟಿಗೆ ಹಿಡಿಯಲಿಕ್ಕೆ ಜಾಗ ಉಂಟು.

ಸಿಲಿಕಾನ್ ಅಂದರೆ ವಿನೆಗರ್ ವಾಸನೆ ಬರುತ್ತದಲ್ಲ, ಆ ಬಗೆಯದು, ಅಕ್ವೇರಿಯಂಗೆ ಅಂತ ಬರೆದಿರುವುದು. ಬಚ್ಚಲಿಗೆ ಹಾಕುವ ಬೂಸ್ಟು ಹಿಡಿಯದ ಸಿಲಿಕಾನ್ ಬೇಡವೇ ಬೇಡ, ಅದರ ಮದ್ದು ಮೀನಿಗೆ ವಿಷ. ಹಳೇ ಸಿಲಿಕಾನಿನ ಮೇಲೆ ಹೊಸದು ಸರಿಯಾಗಿ ಕಚ್ಚುವುದಿಲ್ಲ. ಬ್ಲೇಡಿನಲ್ಲಿ ಪೂರ್ತಿ ಕೆರೆದು ಅಸಿಟೋನ್‌ನಲ್ಲಿ ಒರೆಸಿ. ಇದಕ್ಕೇ ನನಗೆ ಒಂದು ಭಾನುವಾರ ಹೋಯಿತು.

ಮಲ್ಪೆಯಿಂದ:
ನಾನು ಬುದ್ಧಿವಂತಿಕೆ ಮಾಡಲಿಕ್ಕೆ ಹೋಗಿ ಕೆಟ್ಟವನು. ಇಲ್ಲಿ ದೋಣಿಗೆ ಫೈಬರ್ ಹಾಕುವವರು ಬೇಕಾದಷ್ಟು ಜನ ಇದ್ದಾರೆ, ಅದೇ ಗಾಜಿನ ನಾರಿನ ಮ್ಯಾಟು, ಅದೇ ರೆಸಿನ್ ಅಂಟು ತಂದು ಟ್ಯಾಂಕಿನ ಮೇಲಂಚಿಗೆ ಸುತ್ತ ಬಳಿದೆ. ಕಲ್ಲಿನ ಹಾಗೆ ಗಟ್ಟಿ ಆಯಿತು. ಎರಡು ತಿಂಗಳಲ್ಲಿ ಉಗುರಿನಿಂದ ಎಬ್ಬಿಸಿದರೆ ಪಟ್ಟಿ ಇಡೀ ಎದ್ದು ಬಂತು. ನುಣುಪು ಗಾಜಿಗೆ ಅದು ನಿಲ್ಲುವುದಿಲ್ಲ.

ಬೆಲ್ಟಿನ ವಿಷಯ: ಆಮೇಲೆ ಒಂದು ಇಂಚಿನ ಅಲ್ಯೂಮಿನಿಯಂ ಆಂಗಲ್ ಕೂಡ ಹಾಕಿ ನೋಡಿದೆ. ಗಾಜಿನ ಜೊತೆ ಅದೂ ಬಾಗಿತು, ಅಷ್ಟೆ. ಐದು ಅಡಿ ಉದ್ದಕ್ಕೆ ನಡುವೆ ಆಸರೆ ಇಲ್ಲದ ಸಪೂರ ಆಂಗಲ್ ಏನು ತಡೆಯುತ್ತದೆ? ಕಬ್ಬಿಣದ್ದಾದರೆ ಇಲ್ಲಿನ ಉಪ್ಪುಗಾಳಿಗೆ ತುಕ್ಕು ಬೇರೆ.

ಮಣಿಪಾಲದಿಂದ:
ಎಲ್ಲರೂ ಪಟ್ಟಿ ಪಟ್ಟಿ ಅಂತೀರಿ. ನಾನು ಏನೂ ಅಂಟಿಸಲಿಲ್ಲ, ಸುಮ್ನೆ ನೀರು ಕಡಿಮೆ ಮಾಡಿದೆ. 24 ಇಂಚಿನ ಬದಲು 18 ಇಂಚು ತುಂಬಿಸಿದರೆ ಕಡಿಮೆ ಆಗುವುದು ಕಾಲು ಭಾಗ ನೀರು, ಆದರೆ ತಳ್ಳು ಹೆಚ್ಚು ಕಡಿಮೆ ಅರ್ಧಕ್ಕೆ ಇಳಿಯುತ್ತದೆ. 12 ಇಂಚಿಗೆ ನಿಲ್ಲಿಸಿದರೆ ಕಾಲು ಪಾಲು ಮಾತ್ರ. ನನ್ನ ಪುಟ್ಟ ಗಪ್ಪಿ ಮೀನುಗಳಿಗೆ 15 ಇಂಚು ಸಾಕು. ಮೇಲೆ ಉಳಿದ ಜಾಗದಲ್ಲಿ ಮನಿ ಪ್ಲಾಂಟ್ ಬೇರು ಇಳಿಬಿಟ್ಟಿದ್ದೇನೆ, ನೋಡಲಿಕ್ಕೂ ಚಂದ. ಗಂಡನಿಗೆ ಆಸ್ಕರ್ ಅನ್ನುವ ದೊಡ್ಡ ಮೀನು ಸಾಕುವ ಆಸೆ ಇತ್ತು, ಅದು ಹಾಗೇ ಉಳಿಯಿತು.

ಕುಂದಾಪುರದಿಂದ:
ಪಟ್ಟಿ ಮೇಲಂಚನ್ನು ಮಾತ್ರ ಹಿಡಿಯುತ್ತದೆ ಅಂತ ಯಾರೂ ಹೇಳಲಿಲ್ಲ. ತಳದ ಸಂದು ಹಳತಾಗಿದ್ದರೆ ಅದರಿಂದ ಏನೂ ಆಗುವುದಿಲ್ಲ. ನನ್ನ ನಾಲ್ಕು ಅಡಿಯದು ಬೆಳಗಿನ ಜಾವ ತಳದಲ್ಲೇ ಬಿಟ್ಟುಕೊಂಡಿತು. ಮೇಲೆ ಪಟ್ಟಿ ಗಟ್ಟಿಯಾಗೇ ಇತ್ತು! ಎದ್ದು ಬಂದರೆ ಹಾಲ್‌ನಲ್ಲಿ ಪಾದ ಮುಳುಗುವಷ್ಟು ನೀರು, ಸೋಫಾದ ಅಡಿಯಲ್ಲಿ ಏಂಜಲ್ ಮೀನು. ಟಾರ್ಚ್ ಬಿಟ್ಟು ಸಂದುಗಳನ್ನು ನೋಡಿ. ಒಳಗೆ ಗುಳ್ಳೆ, ಬಿಳಿಚಿದ ಜಾಗ, ಉಗುರಿಗೆ ಏಳುವ ಅಂಚು ಏನಾದರೂ ಇದ್ದರೆ ಪೂರ್ತಿ ಬಿಚ್ಚಿ ಮತ್ತೆ ಜೋಡಿಸಬೇಕು, ಇಲ್ಲ ಗುಜರಿಗೆ.

ಸುರತ್ಕಲ್‌ನಿಂದ ಮತ್ತೆ:
ಕುಂದಾಪುರದವರು ಹೇಳಿದ್ದು ಸರಿ, ನಾನೇ ಬರೆಯಬೇಕಿತ್ತು. ಇನ್ನೊಂದು, ಈಗ ಮಳೆಗಾಲ. ಈ ಸಿಲಿಕಾನ್ ಗಾಳಿಯ ತೇವ ಹೀರಿಯೇ ಗಟ್ಟಿಯಾಗುವುದು, ಹಾಗಾಗಿ ನಮ್ಮ ಹವೆ ಅದಕ್ಕೆ ಒಳ್ಳೆಯದೇ. ಆದರೆ ಅಂಟಿಸುವಾಗ ಗಾಜಿನ ಮೇಲೆ ಬೆವರು ಕೂತಿರಬಾರದು. ನಾನು ಹೇರ್ ಡ್ರೈಯರ್ ಹಿಡಿದೆ. ಮೂರು ಇಂಚು ಅಗಲ ಒಂದರ ಮೇಲೊಂದು ಕೂತ ಕಡೆ ತೇವ ಅಂಚಿನಿಂದ ಮಾತ್ರ ಒಳಗೆ ಹೋಗಬೇಕು, ಅದಕ್ಕೆ ನಿಧಾನ. ಎರಡು ವಾರ ಮುಟ್ಟಬೇಡಿ. ಅಂಗಡಿಯವರು 24 ಗಂಟೆ ಸಾಕು ಅನ್ನುತ್ತಾರೆ, ಅದು ಸಪೂರ ಗೆರೆಗೆ.

ಕುಲಶೇಖರದಿಂದ, ಒಂದು ತಿಂಗಳ ಮೇಲೆ:
ಹಳೇ ಗೆರೆ ಸಿಕ್ಕಿತು, ನಡುವಲ್ಲೇ. ಪಟ್ಟಿ ಎರಡು, ಅಡ್ಡ ಒಂದು ಹಾಕಿದೆ. ಮೂಲೆಯ ಸಂದು ಒಂದು ಕಡೆ ಬಿಳಿಚಿತ್ತು, ಅದು ಒಳಗಿನ ಲೇಪ ಮಾತ್ರ, ಎರಡು ಗಾಜುಗಳ ನಡುವಿನ ಅಂಟು ಗಟ್ಟಿ ಉಂಟು ಅಂತ ಟ್ಯಾಂಕ್ ಮಾಡುವವರಿಗೆ ತೋರಿಸಿ ಖಚಿತ ಮಾಡಿಕೊಂಡೆ. ಅಡಿಗೆ ಥರ್ಮಾಕೋಲ್, ಮಟ್ಟ ನೋಡಿ ಇಟ್ಟೆ. ಆರು ಆರು ಇಂಚು ತುಂಬಿಸುತ್ತಾ ಪ್ರತಿ ಸಲ ಟೇಪ್ ಹಿಡಿದೆ. 21 ಇಂಚಿಗೆ ನಿಲ್ಲಿಸಿದ್ದೇನೆ. ನಡುವೆ ಈಗ ಎರಡು ಮಿಲಿಮೀಟರ್ ಜಾಸ್ತಿ, ಹತ್ತು ದಿನದಿಂದ ಅಷ್ಟೇ ಇದೆ. ನೀರು, ಗಾಜು, ಮರಳು, ಸ್ಟ್ಯಾಂಡ್ ಎಲ್ಲ ಸೇರಿ ಆರುನೂರು ಕಿಲೋ ದಾಟುತ್ತದೆ ಅಂತ ಲೆಕ್ಕ ಸಿಕ್ಕಿದ ಮೇಲೆ ಮಾಳಿಗೆಯ ಯೋಚನೆ ಬಿಟ್ಟೆ. ಸದ್ಯ ಜಗಲಿಯಲ್ಲಿದೆ. ಇನ್ನೊಂದು ತಿಂಗಳು ಅಲ್ಲೇ ಇರಲಿ, ಆಮೇಲೆ ನೋಡುವ ಅಂತ ಮನೆಯವಳ ತೀರ್ಮಾನ.