ಜೋಳದ ‘ನುಸಿ’, ತೊಗರಿಯ ‘ನುಸಿ’: ಕರಪತ್ರಕ್ಕೆ ಯಾವ ಪದ?

ಎಲ್ಲರಿಗೂ ನಮಸ್ಕಾರ. ಮಳೆಗಾಲಕ್ಕೆ ಮೊದಲು ಮನೆಯ ಕಾಳುಕಡಿ ಹಸನು ಮಾಡಿ ತುಂಬಿಡುವ ಬಗ್ಗೆ ಆಳಂದ, ಚಿಂಚೋಳಿ ಕಡೆಯವರಿಗಾಗಿ ಕರಪತ್ರವೊಂದನ್ನು ತಿದ್ದುತ್ತಿದ್ದೇನೆ. ಕರಡಿನಲ್ಲಿ ಜೋಳದ ಹುಳಕ್ಕೂ ತೊಗರಿಯ ಹುಳಕ್ಕೂ ‘ನುಸಿ’ ಎಂದೇ ಇದೆ. ಔಷಧಕ್ಕೆ ‘ನುಸಿನಾಶಕ’ ಎಂದಿದೆ. ಹೀಗೇ ಬಿಡಬಹುದೇ?

ಸರ್, ‘ಜ್ವಾಳಕ್ಕ ನುಸಿ ಹತ್ಯಾದ’ ಅಂದರೆ ಕಲಬುರಗಿ ಕಡೆ ಯಾರೂ ತಪ್ಪು ತಿಳಿಯುವುದಿಲ್ಲ. ತೊಡಕಿರುವುದು ‘ನುಸಿನಾಶಕ’ದಲ್ಲಿ. ತೊಗರಿಯ ಗೊಡ್ಡು ರೋಗ ಹರಡುವ, ಬರಿಗಣ್ಣಿಗೆ ಕಾಣದ ಜೀವಿಗೂ ಕೃಷಿ ಬರಹಗಳಲ್ಲಿ ನುಸಿ ಎಂದೇ ಹೆಸರು. ಅದು ಜೇಡನ ಬಳಗದ್ದು. ಆ ಹೆಸರು ಹೇಳಿ ಅಂಗಡಿಯಲ್ಲಿ ಕೇಳಿದರೆ ಸಿಗುವುದು ಬೆಳೆಗೆ ಹೊಡೆಯುವ ವಿಷ. ಉಣ್ಣುವ ಕಾಳಿಗೆ ಅದನ್ನು ಬೆರೆಸಿಬಿಟ್ಟರೆ? ಆ ಪದ ಹೊಡೆದುಹಾಕಿ.

ಹುಳಗಳಿಗೂ ಬೇರೆ ಬೇರೆ ಹೆಸರು ಕೊಡಿ, ಏಕೆಂದರೆ ಉಪಾಯ ಬೇರೆ. ತೊಗರಿಯದು ಕಾಳುದುಂಬಿ. ಹೊಲದಲ್ಲೇ ಕಾಯಿಯ ಮೇಲೆ ಮೊಟ್ಟೆಯಿಟ್ಟು ರಾಶಿಯ ಜೊತೆ ಮನೆಗೆ ಬರುತ್ತದೆ. ಕಾಳಿನ ಸಿಪ್ಪೆಗೆ ಅಂಟಿದ ಬಿಳಿ ಚುಕ್ಕೆಗಳೇ ಮೊಟ್ಟೆ. ದುಂಡನೆಯ ತೂತು ಕಂಡರೆ ದುಂಬಿ ಆಗಲೇ ಹೊರಬಿದ್ದಿದೆ. ಮೊಟ್ಟೆ ಹೊರಗಿರುವುದರಿಂದ ಕಿಲೋಗೆ 5 ಮಿಲಿ ಅಡುಗೆ ಎಣ್ಣೆ ಸವರಿದರೆ ಅದು ಉಸಿರುಕಟ್ಟಿ ಸಾಯುತ್ತದೆ. ಎಣ್ಣೆ ಪ್ರತಿ ಕಾಳಿಗೂ ತಾಗಬೇಕು, ಸುಮ್ಮನೆ ಮೇಲೆ ಸುರಿದರೆ ಪ್ರಯೋಜನವಿಲ್ಲ. ಬ್ಯಾಳಿ ಮಾಡಿಟ್ಟರೆ ಈ ಕಾಟ ಬಹಳ ಕಡಿಮೆ, ಇದಕ್ಕೆ ಬೇಕಾದದ್ದು ಇಡೀ ಕಾಳು.

ಜೋಳದ್ದು ಮೂತಿಹುಳ. ಕಾಳು ಕೊರೆದು ಒಳಗೆ ಮೊಟ್ಟೆಯಿಟ್ಟು ತೂತು ಮುಚ್ಚಿಬಿಡುತ್ತದೆ. ಎಣ್ಣೆ ಅಲ್ಲಿಗೆ ಮುಟ್ಟದು. ಬಿಸಿಲಿಗೆ ತೆಳ್ಳಗೆ ಹರವಿದರೆ ದೊಡ್ಡ ಹುಳ ಓಡಿಹೋಗುತ್ತವೆ, ಒಳಗಿನವು ಉಳಿದರೆ ತಿಂಗಳೊಪ್ಪತ್ತಿನಲ್ಲಿ ಹೊರಬರುತ್ತವೆ. ಹಾಗಾಗಿ ‘ಒಮ್ಮೆ ಒಣಗಿಸಿ’ ಎಂಬ ಕರಡಿನ ಸಾಲು ಸಾಲದು. ‘ತಿಂಗಳಿಗೊಮ್ಮೆ ತೆಗೆದು ನೋಡಿ, ಹುಳ ಕಂಡರೆ ಮತ್ತೆ ಒಣಗಿಸಿ, ಕೇರಿ’ ಎಂದಿರಲಿ. ಹಲ್ಲಿಗೆ ಕಾಳು ಕಟ್ಟನೆ ಒಡೆಯಬೇಕು. ಬಿಸಿ ಆರುವ ಮೊದಲೇ ಡಬ್ಬಿಗೆ ತುಂಬಿದರೆ ಒಳಗೆ ಬೆವರಿ ಬೂಜು ಹಿಡಿಯುತ್ತದೆ. ಹಳೆಯ ಚೀಲದ ಹೊಲಿಗೆಯಲ್ಲೂ ಹುಳ ಅಡಗಿರುತ್ತವೆ. ಕುದಿನೀರಲ್ಲಿ ಅದ್ದಿ ಒಣಗಿಸಿದ ಮೇಲೆಯೇ ಬಳಸಲಿ.

‘ಗುಳಿಗಿ’ ಎಂದು ಕರಡಿನಲ್ಲಿ ಎಲ್ಲಾದರೂ ಇದ್ದರೆ ಅದನ್ನೂ ತೆಗೆಯಿರಿ. ಇಲ್ಲಿ ಆ ಮಾತಿಗೆ ಅಲ್ಯೂಮಿನಿಯಂ ಫಾಸ್ಫೈಡ್ ಎಂಬ, ವಿಷಾನಿಲ ಬಿಡುವ ಗುಳಿಗೆ ಎಂದೂ ಅರ್ಥವಾದೀತು. ಅದರ ಅನಿಲ ಕಾಳಿನ ಜೊತೆ ಮಲಗಿದವರನ್ನೂ ಕೊಲ್ಲುತ್ತದೆ. ಕರಪತ್ರದ ಶೀರ್ಷಿಕೆಯಲ್ಲಿ ‘ನುಸಿ’ ಇರಲಿ, ಓದಿಸಿಕೊಳ್ಳುತ್ತದೆ. ಒಳಗೆ ‘ತೊಗರಿಯ ಕಾಳುದುಂಬಿ’, ‘ಜೋಳದ ಮೂತಿಹುಳ’ ಎಂದು ಬರೆಯಿರಿ.