ಸಹಾಯ ಬೇಕು: 32 ಸೆಕೆಂಡಿಗೆ ಸರಿಯಾಗಿ ಕರೆ ಕಟ್ ಆಗ್ತಿದೆ

ಎಲ್ಲರಿಗೂ ನಮಸ್ಕಾರ. ಚಿಕ್ಕ ಬೋರ್ಡಿಗೆ ಎಂಬೆಡೆಡ್ ಲಿನಕ್ಸ್ ಹಾಕಿ, ಹಳೇ ಹ್ಯಾಂಡ್‌ಸೆಟ್ ಜೋಡಿಸಿ ನಾನೇ ಒಂದು ಇಂಟರ್ನೆಟ್ ಫೋನ್ ಮಾಡಿದ್ದೇನೆ. ಅಮ್ಮನಿಗೋಸ್ಕರ. ಬಟನ್ ಒತ್ತಿದರೆ ಸಾಕು, ಮಾತಾಡಬಹುದು.

ಹೊರಗೆ ಹೋಗುವ ಕರೆಗಳಿಗೆ ಏನೂ ತೊಂದರೆಯಿಲ್ಲ. ಒಳಗೆ ಬರುವ ಕರೆ ಮಾತ್ರ, ಎರಡೂ ಕಡೆ ಧ್ವನಿ ಚೆನ್ನಾಗಿ ಕೇಳುತ್ತಿರುವಾಗಲೇ, 32ನೇ ಸೆಕೆಂಡಿಗೆ ನಿಂತುಹೋಗುತ್ತದೆ. ಪ್ರತಿ ಸಲವೂ ಅಷ್ಟೇ. ಅಮ್ಮ ಮಾತು ಶುರು ಮಾಡುವಷ್ಟರಲ್ಲೇ ಕಟ್.

ನೆಟ್‌ವರ್ಕ್‌ನಲ್ಲಿ ಹೋಗಿಬರುವ ಸಂದೇಶಗಳನ್ನು ತೋರಿಸುವ ಟಿಸಿಪಿಡಂಪ್‌ನಲ್ಲಿ ನೋಡಿದೆ. ನನ್ನ ಫೋನ್ '200 ಓಕೆ' (ಕರೆ ಎತ್ತಿದೆ ಅನ್ನುವ ಸಂದೇಶ) ಕಳಿಸುತ್ತದೆ, ಅರ್ಧ ಸೆಕೆಂಡಿಗೆ ಮತ್ತೆ, ಆಮೇಲೆ ಒಂದಕ್ಕೆ, ಎರಡಕ್ಕೆ, ನಾಲ್ಕಕ್ಕೆ. ಆ ಕಡೆಯಿಂದ ಎಸಿಕೆ, ಅಂದರೆ ಅದು ತಲುಪಿತು ಅನ್ನುವ ಉತ್ತರ, ಬರುವುದೇ ಇಲ್ಲ. ಕೊನೆಗೆ ನನ್ನ ಫೋನೇ ಕರೆ ಮುಗಿಸುವ 'ಬೈ' ಕಳಿಸಿಬಿಡುತ್ತದೆ. ನನ್ನನ್ನು ಎಲ್ಲಿ ತಲುಪಬೇಕು ಅಂತ ಆ ಕಡೆಗೆ ಹೇಳುವ ಕಾಂಟ್ಯಾಕ್ಟ್ ಹೆಡರ್‌ನಲ್ಲಿ 192.168ರಿಂದ ಶುರುವಾಗುವ, ಮನೆಯ ನೆಟ್‌ವರ್ಕ್‌ನೊಳಗಷ್ಟೇ ನಡೆಯುವ ವಿಳಾಸವೇ ಇದೆ. ಎಸಿಕೆ ಆ ವಿಳಾಸಕ್ಕೆ ಹೋಗಿ ಕಳೆದುಹೋಗುತ್ತಿದೆ ಅಂತ ನನ್ನ ಅನುಮಾನ. ಸರಿ ಅಲ್ವಾ?

ರೂಟರ್‌ನಲ್ಲಿ ಎಸ್‌ಐಪಿ ಎಎಲ್‌ಜಿ (ಕರೆಯ ಸಂದೇಶಗಳಲ್ಲಿನ ವಿಳಾಸವನ್ನು ರೂಟರೇ ತಿದ್ದುವ ಸೌಲಭ್ಯ) ಆಫ್ ಮಾಡಿದ್ದೇನೆ. ನಮ್ಮ ಹೊರಗಿನ ವಿಳಾಸ ಯಾವುದು ಅಂತ ತಿಳಿಸುವ ಸ್ಟನ್ ಸರ್ವರ್ ಹಾಕಿದರೂ ಹೆಡರ್ ಬದಲಾಗಲಿಲ್ಲ. ನಮ್ಮದು ಸಿಮೆಟ್ರಿಕ್ ನ್ಯಾಟ್ (ರೂಟರ್ ಒಂದೊಂದು ಕಡೆಗೂ ಬೇರೆ ಬೇರೆ ಹೊರಗಿನ ಪೋರ್ಟ್ ಕೊಡುವ ಬಗೆ) ಆಗಿದ್ದರೆ ಸ್ಟನ್‌ನಿಂದ ಪ್ರಯೋಜನವಿಲ್ಲ ಅಂತ ಗೊತ್ತು. ಅದನ್ನು ಬೋರ್ಡಿನಿಂದಲೇ ಪರೀಕ್ಷಿಸುವುದು ಹೇಗೆ? ಹೊರಗಿನ ವಿಳಾಸವನ್ನು ಹೆಡರ್‌ಗೆ ನಾನೇ ಬರೆದರೆ, ಐಪಿ ಬದಲಾದಾಗ ಏನು ಮಾಡಲಿ? ಇದೇ ತೊಂದರೆ ಬಿಡಿಸಿದವರು ಇದ್ದರೆ ದಯವಿಟ್ಟು ಹೇಳಿ. ಬೇಕಿದ್ದರೆ ಲಾಗ್ ಹಾಕುತ್ತೇನೆ.