ಪದಚರ್ಚೆ: ಚೀನಾದ ಮರದ ಹಲಗೆಗೆ ‘ಅಚ್ಚೊತ್ತು’ ಸರಿಯೇ? ‘ಮಣ್ಣಿನ ಮೊಳೆ’ ನಡೆಯುತ್ತದೆಯೇ?

ಗೆಳೆಯರೇ, ನಮಸ್ಕಾರ.

ಚೀನಾದಲ್ಲಿ ಬೌದ್ಧಧರ್ಮ ಹಬ್ಬಿದ್ದಕ್ಕೂ ಅಚ್ಚಿನ ಕೆಲಸ ಬೆಳೆದದ್ದಕ್ಕೂ ಇರುವ ನಂಟಿನ ಬಗ್ಗೆ ಹೈಸ್ಕೂಲ್ ಮಕ್ಕಳಿಗಾಗಿ ಬರೆಯುತ್ತಿದ್ದೇನೆ. ಕೆಲವು ಪದಗಳ ಹತ್ತಿರ ಕೈ ನಿಂತಿದೆ.

ವಾಯವ್ಯ ಚೀನಾದ ದುನ್‌ಹುವಾಂಗ್ ಗುಹೆಯಲ್ಲಿ ಸಿಕ್ಕ, ವಜ್ರಸೂತ್ರ ಎಂಬ ಬೌದ್ಧ ಗ್ರಂಥದ ಸುರುಳಿ 868ರದ್ದು. ಇಸವಿ ನಮೂದಾಗಿ, ಪೂರ್ತಿ ಉಳಿದಿರುವ ಅಚ್ಚಿನ ಪುಸ್ತಕಗಳಲ್ಲಿ ಅದೇ ಹಳೆಯದು. ಹಾಳೆಗೆ ಹಾಳೆ ಅಂಟಿಸಿ ಸುಮಾರು 5 ಮೀಟರ್ ಉದ್ದ. ಹಲಗೆಯ ಅಚ್ಚಿನ ಕಸುಬು ಹೀಗೆ: ತೆಳು ಕಾಗದದಲ್ಲಿ ಬರೆದು, ಬರಹ ಕೆಳಮುಖವಾಗಿ ಹಲಗೆಗೆ ಅಂಟಿಸುತ್ತಾರೆ. ಅಕ್ಷರದ ಸುತ್ತಲಿನ ಮರ ಕೆತ್ತಿ ತೆಗೆದರೆ ಅಕ್ಷರ ಉಲ್ಟಾ ಆಗಿ ಉಬ್ಬಿ ನಿಲ್ಲುತ್ತದೆ. ಮಸಿ ಬಳಿದು, ಕಾಗದ ಹಾಸಿ, ಮೇಲಿಂದ ಬ್ರಷ್ಷಿನಲ್ಲಿ ತೀಡುತ್ತಾರೆ. ಒತ್ತುವ ಯಂತ್ರವೇ ಇಲ್ಲ! ‘ಅಚ್ಚೊತ್ತಿದರು’ ಎಂದರೆ ಮಕ್ಕಳ ಕಣ್ಣಮುಂದೆ ಪ್ರೆಸ್ಸು ಬರುತ್ತದೆ, ಅಲ್ವಾ? ನಮ್ಮಲ್ಲಿ ‘ಪ್ರೂಫ್ ತೆಗೆ’ ಅನ್ನುವ ಹಾಗೆ ‘ಅಚ್ಚು ತೆಗೆದರು’ ಎನ್ನೋಣ ಅನ್ನಿಸಿದೆ. ‘ಅಕ್ಷರ ಕೊರೆದರು’ ಕೂಡ ಬೇಡ. ನಮ್ಮ ಕಲ್ಲಿನ ಶಾಸನಗಳಲ್ಲಿ ಸಾಮಾನ್ಯವಾಗಿ ಅಕ್ಷರ ಒಳಗಿಳಿದಿರುತ್ತದೆ, ಇಲ್ಲಿ ಎದ್ದಿರುತ್ತದೆ.

ಇನ್ನು ‘ಮೊಳೆ’. 1040ರ ದಶಕದಲ್ಲಿ ಬಿ ಶೆಂಗ್ ಎಂಬಾತ ಜೇಡಿಮಣ್ಣಿನಲ್ಲಿ ಬಿಡಿಬಿಡಿ ಅಕ್ಷರ ಕೆತ್ತಿ ಬೆಂಕಿಯಲ್ಲಿ ಸುಟ್ಟ. ಕಬ್ಬಿಣದ ತಟ್ಟೆಗೆ ರಾಳ, ಮೇಣ, ಕಾಗದದ ಬೂದಿ ಹಾಕಿ, ಮೇಲೆ ಅಕ್ಷರ ಜೋಡಿಸಿ ಕಾಯಿಸುತ್ತಿದ್ದ. ಮೇಣ ಕರಗುವಾಗ ಹಲಗೆಯಿಂದ ಅದುಮಿ ಸಮ ಮಾಡುತ್ತಿದ್ದ. ಕೆಲಸ ಮುಗಿದ ಮೇಲೆ ಮತ್ತೆ ಕಾಯಿಸಿದರೆ ಅಕ್ಷರಗಳು ಬಿಟ್ಟುಕೊಳ್ಳುತ್ತಿದ್ದವು. ನಮ್ಮ ಪ್ರೆಸ್ಸುಗಳಲ್ಲಿ ಸೀಸದ ಅಕ್ಷರಕ್ಕೆ ಮೊಳೆ ಎಂದೇ ಹೆಸರಿತ್ತು. ಹಾಗಾದರೆ ಇದು ‘ಮಣ್ಣಿನ ಮೊಳೆ’. ಕೇಳಿದರೆ ನಗು ಬರಬಹುದು, ನನಗೇನೋ ಇಷ್ಟ. ಇಂಗ್ಲಿಷಿನ ‘ಮೂವಬಲ್ ಟೈಪ್’ ಅನ್ನು ಪದಕ್ಕೆ ಪದ ಇಳಿಸಿದ ‘ಚಲಿಸುವ ಅಕ್ಷರ’ ಮಾತ್ರ ಬೇಡವೇ ಬೇಡ. ಅಕ್ಷರಗಳೆಲ್ಲ ಎದ್ದು ವಾಕಿಂಗ್ ಹೊರಟ ಹಾಗಿದೆ.

ಜಾಸ್ತಿ ತಲೆ ಕೆಡಿಸಿದ್ದು ಕೊನೆಯದು. ವಜ್ರಸೂತ್ರದ ಕೊನೆಯಲ್ಲಿ, ವಾಂಗ್ ಜಿಯೆ ಎಂಬಾತ ತಂದೆತಾಯಿಯ ಹೆಸರಿನಲ್ಲಿ ಎಲ್ಲರಿಗೂ ಪುಕ್ಕಟೆ ಹಂಚಲು ಇದನ್ನು ಮಾಡಿಸಿದ ಎಂದಿದೆ. ಸೂತ್ರದ ಪ್ರತಿ ಮಾಡಿಸಿದರೆ ಪುಣ್ಯ ಎಂಬ ನಂಬಿಕೆಯೇ ಅಲ್ಲಿ ಅಚ್ಚಿನ ಕಸುಬಿಗೆ ದೊಡ್ಡ ಬಲ. ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಮಾಡಿಸಿ ಹಂಚಿದಳಲ್ಲ, ಅದನ್ನು ನಾವು ‘ಶಾಸ್ತ್ರದಾನ’ ಎನ್ನುತ್ತೇವೆ. ಆದರೆ ಆ ಪದಕ್ಕೆ ಜೈನರ ವಾಸನೆ ಗಾಢವಾಗಿದೆ. ಬೌದ್ಧರ ‘ಧರ್ಮದಾನ’ (ಧರ್ಮದ ಬೋಧನೆಯನ್ನೇ ದಾನ ಮಾಡುವುದು) ಹಾಕಿದರೆ ಮಕ್ಕಳಿಗೆ ದಾನಧರ್ಮ ಎಂದಷ್ಟೇ ಕೇಳಿಸುತ್ತದೆ. ಸುಮ್ನೆ ‘ಧರ್ಮಾರ್ಥ ಹಂಚಲು’ ಎಂದು ಬಿಡಲೇ?

ಮೊಳೆ ಜೋಡಿಸಿ ಕೈ ಮಸಿ ಮಾಡಿಕೊಂಡವರು ಬಳಗದಲ್ಲಿ ಇದ್ದರೆ, ಯಂತ್ರವಿಲ್ಲದೆ ಕೈಯಲ್ಲೇ ಅಚ್ಚು ತೆಗೆಯುವುದಕ್ಕೆ ಪ್ರೆಸ್ಸಿನ ಮಾತು ಏನಿತ್ತು, ದಯವಿಟ್ಟು ಬರೆಯಿರಿ.